ಮುನಶಿ ಮುತ್ಯಾ ತಿರುವಿ ನೋಡದ ಕಾಗದ

ಮುನಶಿ ಮುತ್ಯಾ ಯಾವ ಕಾಗದ ಕೈಗೆ ಬಂದರೂ ಓದುವ ಮೊದಲು ಅದನ್ನು ಮೂಸಿ ನೋಡುತ್ತಿದ್ದರು. ಕನ್ನಡಕ ಆಮೇಲೆ, ಮೂಗು ಮೊದಲು. ಮಡಿಕೆ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಎಳೆದುಕೊಳ್ಳುವರು. ಆಮೇಲೆ ಎದುರಿಗೆ ಕುಳಿತವರನ್ನು ನೋಡಿ, “ಇದನ್ನ ಜ್ವಾಳದ ಚೀಲದಾಗ ಇಟ್ಟಿದ್ರಿ ಹೌದಲ್ಲ?” ಅನ್ನುವರು. ಇನ್ನೊಬ್ಬರಿಗೆ, “ಒಲಿ ಮ್ಯಾಲಿನ ತೊಲಿ ಸಂದ್ಯಾಗ ಸಿಗಿಸಿದ್ರಿ, ಹೊಗಿ ಕುಡದದ” ಅನ್ನುವರು. ಬಂದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮನೆಯ ಗುಟ್ಟು ಈ ಮುದುಕನಿಗೆ ಯಾರು ಹೇಳಿದರು ಎಂದು ಅವರಿಗೆ ಗಾಬರಿ.

ಶಹಾಪುರದಲ್ಲಿ ತಹಸೀಲ ಕಚೇರಿಯ ಎದುರಿನ ಸಾಲಿನಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಆ ಮಶೀನಿನ ಕಾವಿನಲ್ಲಿ ಬೇಯುತ್ತಿದ್ದೇನೆ. ಅದರಲ್ಲಿ ಇಪ್ಪತ್ತು ವರ್ಷ ಅಂಗಡಿಯ ಒಳಗಿನ ಬೆಂಚಿನ ಎಡತುದಿ ಮುತ್ಯಾನದು. ಅವರು ನನಗೆ ಸಂಬಂಧಿಕರಲ್ಲ. ಹೆಸರು ಹಣಮಂತರಾಯ ಎಂದು. ಕಚೇರಿಯ ಹಳೆಯ ದಫ್ತರದ ಕೋಣೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತಿಯಾದವರು. ಗುಮಾಸ್ತಿಕೆ ಮಾಡಿದ ಅಜ್ಜ ಎಂದು ಊರೆಲ್ಲ ಮುನಶಿ ಮುತ್ಯಾ ಅನ್ನುತ್ತಿತ್ತು, ನಾನೂ ಅಂದೆ. ಬಿಳಿ ಧೋತರ, ಮೇಲೊಂದು ಕಂದಿದ ಕೋಟು, ತಲೆಗೆ ಕರಿ ಟೊಪ್ಪಿಗೆ. ಬೆಳಿಗ್ಗೆ ಹತ್ತಕ್ಕೆ ಬಂದವರು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿ ಮತ್ತೆ ನಾಲ್ಕಕ್ಕೆ ಬರುವರು. ನಾನು ಅಂಗಡಿಯಲ್ಲಿ ಊದಿನಕಡ್ಡಿ ಹಚ್ಚಿದರೆ ಸಿಟ್ಟಾಗುವರು. “ಯವ್ವಾ, ದೇವರಿಗೆ ಮನ್ಯಾಗ ಹಚ್ಚು. ಇಲ್ಲಿ ನನ್ನ ಮೂಗ ಕೆಡಸಬ್ಯಾಡ” ಎಂದು ತಾವೇ ಎದ್ದು ನಂದಿಸುವರು.

ನಮ್ಮ ಕಡೆ ಹೊಲಮನೆಯ ಹಳೆಯ ಕಾಗದಗಳು ನಿಜಾಮರ ಕಾಲದವು, ಉರ್ದುವಿನಲ್ಲಿ ಬರೆದವು. ಬರೆದವರು ಮಣ್ಣಾಗಿ ಹೋಗಿದ್ದಾರೆ. ಮನೆಯಲ್ಲಿ ಜಗಳ ಎದ್ದಾಗ ಮಾತ್ರ ಆ ಕಾಗದ ಟ್ರಂಕಿನಿಂದ ಹೊರಗೆ ಬರುತ್ತದೆ, ಓದುವವರು ಯಾರೂ ಇರುವುದಿಲ್ಲ. ಈಗಿನ ಉರ್ದು ಕಲಿತ ಹುಡುಗರಿಗೂ ಆ ಹಳೆಯ ಕೈಬರಹ ಹಿಡಿತಕ್ಕೆ ಸಿಗುವುದಿಲ್ಲ. ಮುತ್ಯಾ ಸಣ್ಣವರಿದ್ದಾಗ ಸಾಲೆ ಉರ್ದುವಿನಲ್ಲೇ ಇತ್ತಂತೆ. “ನಮಗದು ಹೊಡತದ ಭಾಷಾ. ಕನ್ನಡ ಅವ್ವ ಕಲಿಸಿದ್ಳು, ಉರ್ದು ಬಡಗಿ ಕಲಿಸ್ತು” ಎಂದು ಬಡಿಗೆಯ ಏಟು ಬಿದ್ದ ಅಂಗೈ ತೋರಿಸಿ ನಗುವರು. ಹಾಗಾಗಿ ಯಾದಗಿರಿಯಿಂದ, ಸುರಪುರದಿಂದ, ಸಗರದಿಂದ ಮಂದಿ ಕಾಗದದ ಸುರುಳಿ ಹಿಡಿದು ನನ್ನ ಅಂಗಡಿ ಹುಡುಕಿಕೊಂಡು ಬರುತ್ತಿದ್ದರು. ಮುತ್ಯಾ ದುಡ್ಡು ಮುಟ್ಟುತ್ತಿರಲಿಲ್ಲ. ಯಾರಾದರೂ ಹಸಿ ಕಡಲೆಗಿಡ ತಂದರೆ ಮಾತ್ರ ಬೇಡ ಅನ್ನುತ್ತಿರಲಿಲ್ಲ.

ಅವರದೊಂದು ಕಟ್ಟುನಿಟ್ಟು ಇತ್ತು. ಒಬ್ಬರೇ ಬಂದು ಓದಿರಿ ಎಂದರೆ ಓದುತ್ತಿರಲಿಲ್ಲ. ಜಗಳ ಯಾರ ಜೊತೆಗಿದೆಯೋ ಅವರೂ ಬಂದು ಪಕ್ಕದಲ್ಲಿ ಕೂರಬೇಕು. ಬಂದರೆ ಸಾಲದು, ಬಾಜೂ ಹೊಟೇಲಿನಿಂದ ಒಂದು ಚಹಾ ತರಿಸಿ, ತಮ್ಮ ಕೈಯಿಂದಲೇ ಎರಡು ಬಸಿಗೆ, ಅಂದರೆ ಸಾಸರಿಗೆ, ಸುರಿದು ಇಬ್ಬರ ಮುಂದೂ ಇಡುವರು. ಇಬ್ಬರೂ ಕುಡಿದು ಬಸಿ ಕೆಳಗಿಟ್ಟ ಮೇಲೆಯೇ ಕಾಗದ ಬಿಚ್ಚುವುದು. ಮೊದಲು ಇದ್ದುದು ಇದ್ದ ಹಾಗೆ ಉರ್ದುವಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಹೇಳುವರು. ಅದನ್ನೂ ಎರಡು ಸಲ. ಎರಡನೇ ಸಲ ಹೇಳುವಾಗ ನಾನು ಟೈಪ್ ಮಾಡಿಕೊಳ್ಳುತ್ತಿದ್ದೆ. ಒಮ್ಮೆ ಸುರಪುರ ಕಡೆಯ ಅಣ್ಣ ತಮ್ಮಂದಿರು ಬಸಿ ಮುಟ್ಟದೆ ಎರಡು ತಾಸು ಕುಳಿತರು. ಚಹಾ ಆರಿ ಕೆನೆಗಟ್ಟಿತು. ಮುತ್ಯಾ ಗೋಡೆಗೆ ಒರಗಿ ನಿದ್ದೆ ಹೊಡೆದರು, ನಮ್ಮೂರ ಗುಡ್ಡದ ಮೇಲೆ ಮಲಗಿದ ಬುದ್ಧನಷ್ಟೇ ಆರಾಮಾಗಿ. ಕೊನೆಗೆ ತಮ್ಮ ತಡೆಯಲಾರದೆ ಬಸಿ ಎತ್ತಿದ, ಅಣ್ಣನೂ ಎತ್ತಿದ. ಮುತ್ಯಾ ಒಂದೇ ಕಣ್ಣು ತೆರೆದು, “ಮುಗೀತಾ?” ಎಂದರು.

ನನಗೆ ತಡೆಯದೆ ಕೇಳಿದ್ದೆ. “ಮುತ್ಯಾ, ಚಾ ಕುಡದ್ರ ಜಗಳ ಹೋಗತದೇನ್ರಿ?”

“ಜಗಳ ಹೋಗಂಗಿಲ್ಲ” ಎಂದರು. “ಒಬ್ಬನ ಮುಂದ ಓದಿದ್ರ ಆ ಕಾಗದ ಅಂವಂದ ಆಗತದ. ಅಂವ ಊರಿಗಿ ಹೋಗೂದ್ರಾಗ ಅದಕ ಕೈಕಾಲ ಹಚ್ಚತಾನ. ಇಬ್ಬರೂ ಕೇಳಿದ್ರ ಅದು ಅಷ್ಟಕ್ಕ ನಿಂದ್ರತದ. ಚಾ ಯಾಕಂದ್ರ, ಬಾಯಾಗ ಚಾ ಇದ್ದಾಗ ಬೈಲಾಕ ಬರಂಗಿಲ್ಲ.”

ಅವರ ಮೂಗಿನ ಕತೆಯೊಂದು ಕಚೇರಿಯ ಸಾಲಿನಲ್ಲಿ ಇವತ್ತಿಗೂ ಓಡಾಡುತ್ತದೆ. ಒಮ್ಮೆ ದೊಡ್ಡ ಕಾರಿನಲ್ಲಿ ಇಬ್ಬರು ಬಂದರು, ಇಸ್ತ್ರಿ ಅಂಗಿಯವರು. ಎಪ್ಪತ್ತು ವರ್ಷದ ಹಿಂದಿನ ಕಾಗದ ಎಂದು ಕಂದುಬಣ್ಣದ ಹಾಳೆಯೊಂದನ್ನು ಮುತ್ಯಾನ ತೊಡೆಯ ಮೇಲೆ ಇಟ್ಟರು. ಮುತ್ಯಾ ಮೂಸಿದರು. ಮತ್ತೊಮ್ಮೆ ಮೂಸಿದರು. ಕನ್ನಡಕಕ್ಕೆ ಕೈಯನ್ನೇ ಹಾಕಲಿಲ್ಲ. “ಸಾವಿತ್ರಿ, ಇವರಿಗಿ ಚಾ ಹೇಳಬ್ಯಾಡವ್ವಾ. ಇವರ ಕಾಗದ ಹೋದ ವಾರ ಚಾ ಕುಡದದ” ಎಂದು ಹಾಳೆ ಮಡಚಿ ಕೊಟ್ಟರು. ಚಹಾದ ನೀರಿನಲ್ಲಿ ಅದ್ದಿ ಹಳತು ಮಾಡಿದ್ದರು ಕಳ್ಳರು. ಅವರು ಕಾರು ಹತ್ತುವವರೆಗೆ ನಾನು ನಗು ತಡೆದುಕೊಂಡೆ, ಆಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ನನಗೂ ಅವರಿಂದ ಬೈಗುಳ ಬಿದ್ದದ್ದಿದೆ. ಅಂಗಡಿ ಇಟ್ಟ ಹೊಸದರಲ್ಲಿ ನಾನು ಬಲು ಶಾಣ್ಯಾಕಿ ಎಂದುಕೊಂಡಿದ್ದೆ. ಮುತ್ಯಾ ಹೇಳಿದ ವಾಕ್ಯ ಸೊಟ್ಟಗಿದೆ ಅನ್ನಿಸಿ ನಾನೇ ನೆಟ್ಟಗೆ ಮಾಡಿ ಟೈಪ್ ಮಾಡಿದೆ. ಓದಿಸಿ ಕೇಳಿದ ಮುತ್ಯಾ ಹಾಳೆಯನ್ನು ಹರಿದೇಬಿಟ್ಟರು. “ಬರದವ ಸೊಟ್ಟ ಬರದಿದ್ರ ಸೊಟ್ಟನ ಬರಿ. ನೀ ಯಾರು ಚಂದ ಮಾಡಾಕಿ?” ಎಂದು ಬೈದರು. ಆ ದಿನ ನಾನು ಅತ್ತೆ. ಮರುದಿನ ಒಂದು ಸ್ಲೇಟು ತಂದು ಮುಂದೆ ಇಟ್ಟು ಅಲಿಫ್ ಬರೆದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ದಿನಕ್ಕೊಂದು ಅಕ್ಷರ ಎಂದು ಶುರುವಾದದ್ದು. ನಾನು ಮಂದಬುದ್ಧಿ, ವರ್ಷಗಟ್ಟಲೆ ಹಿಡಿಯಿತು. ಕೊನೆಗೆ ತಡವರಿಸಿಕೊಂಡು ನಾಲ್ಕು ಸಾಲು ಓದುವಷ್ಟು ಬಂತು. ಆ ನಾಲ್ಕು ಸಾಲೇ ನನ್ನ ಕೊರಳಿಗೆ ಬಂದವು.

ಮುತ್ಯಾನ ಕಣ್ಣು ಮಂಜಾಗುತ್ತಿರುವುದು ನನಗೆ ಎಲ್ಲರಿಗಿಂತ ಮೊದಲು ತಿಳಿಯಿತು. ಮೊದಲೆಲ್ಲ ಕಾಗದ ಮೂಸಿ ಓದಲು ಅರ್ಧ ತಾಸು ಹಿಡಿಯುತ್ತಿದ್ದವರು ಈಗ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದರು. ಮೂಸುವುದು ಹೆಚ್ಚಾಗಿತ್ತು, ನೋಡುವುದು ಕಡಿಮೆಯಾಗಿತ್ತು. ಆ ಕಾಗದಗಳಲ್ಲಿ ಶುರುವಿನ ಮಾತು, ಕೊನೆಯ ಮಾತು ಎಲ್ಲ ಒಂದೇ ನಮೂನೆ ಇರುತ್ತವೆ. ಅರವತ್ತು ವರ್ಷ ಓದಿದವರಿಗೆ ಬಾಯಿಪಾಠ. ನಡುವೆ ಹೆಸರು, ಹೊಲದ ದಿಕ್ಕು, ಇಷ್ಟನ್ನು ಹಾಳೆ ಮೂಗಿನ ತುದಿಗೆ ತಂದು ಹೇಗೋ ಹಿಡಿಯುತ್ತಿದ್ದರು. ಮಗ ಬಸವರಾಜ ಆಪರೇಶನ್ ಮಾಡಿಸೋಣ ಎಂದು ಎಷ್ಟು ಸಲ ಹೇಳಿದರೂ, “ನನಗೇನ ಆಗ್ಯದ? ಕಾಣತದ” ಎಂದು ಬಿಡುತ್ತಿದ್ದರು. ನಾನೂ ಕೇಳಲಿಲ್ಲ. ಕೇಳಿದರೆ ಅವರಿಗೆ ಅವಮಾನ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಖರೇ ಹೇಳಬೇಕೆಂದರೆ ಅದಷ್ಟೇ ಅಲ್ಲ. ಮುತ್ಯಾ ಬೆಂಚಿನಲ್ಲಿ ಇದ್ದರೆ ನನ್ನ ಅಂಗಡಿಗೆ ಮಂದಿ ಬರುತ್ತಿದ್ದರು.

ಆ ವರ್ಷ ಮಳೆ ಶುರುವಾದ ಮೇಲೆ ಹತ್ತಿಕುಣಿ ಹತ್ತಿರದ ಒಂದು ಹಳ್ಳಿಯಿಂದ ಇಬ್ಬರು ಬಂದರು. ಒಬ್ಬ ಮಲ್ಲಣ್ಣ, ಅರವತ್ತರ ಆಸುಪಾಸಿನ ಗಟ್ಟಿ ಆಳು. ಇನ್ನೊಬ್ಬಳು ಶಾಂತವ್ವ, ಅವನ ದಾಯಾದಿ ತಮ್ಮನ ಹೆಂಡತಿ. ಗಂಡ ತೀರಿಕೊಂಡು ವರ್ಷವೂ ಆಗಿರಲಿಲ್ಲ, ಇಬ್ಬರು ಹೆಣ್ಣುಮಕ್ಕಳು. ಇಬ್ಬರ ಹೊಲಗಳ ನಡುವೆ ಒಂದೇ ಬಾವಿ. ಗಂಡ ಇರುವತನಕ ಇಬ್ಬರೂ ನೀರು ಬಿಟ್ಟುಕೊಳ್ಳುತ್ತಿದ್ದರಂತೆ. ಅವನು ಸತ್ತ ಮೇಲೆ ಮಲ್ಲಣ್ಣ ಮೋಟಾರಿನ ಪೆಟ್ಟಿಗೆಗೆ ಬೀಗ ಹಾಕಿದ್ದ, ಬಾವಿ ತನ್ನ ಪಾಲಿನದು ಎಂದು. ಅವರ ಅಜ್ಜಂದಿರು ಒಡಹುಟ್ಟಿದವರು, ಮಲ್ಲಣ್ಣನ ಅಜ್ಜ ಅಣ್ಣ, ಶಾಂತವ್ವನ ಗಂಡನ ಅಜ್ಜ ತಮ್ಮ. ಪಾಲು ಮಾಡಿಕೊಂಡಾಗ ಬರೆದ ಕಾಗದ ಮಲ್ಲಣ್ಣನ ಮನೆಯಲ್ಲಿತ್ತು. ಮುನಶಿ ಮುತ್ಯಾ ಓದಿದ್ದೇ ಕೊನೆ ಎಂದು ಊರ ಹಿರಿಯರು ಇಬ್ಬರನ್ನೂ ಒಪ್ಪಿಸಿ ಕಳಿಸಿದ್ದರು.

ಇಬ್ಬರೂ ಬಸಿ ಎತ್ತಿ ಕುಡಿದರು. ನಾನು ರೂಢಿಯ ಹಾಗೆ ಕಾಗದದ ಎರಡೂ ಬದಿ ಝೆರಾಕ್ಸ್ ತೆಗೆದಿಟ್ಟುಕೊಂಡೆ. ಮುತ್ಯಾ ಮೂಸಿ, “ನುಸಿಗುಳಿಗಿ” ಎಂದರು. ಆಮೇಲೆ ಓದಿದರು. ಮೂಡಣ ಹೊಲ ಅಣ್ಣನಿಗೆ, ಪಡುವಣ ಹೊಲ ತಮ್ಮನಿಗೆ, ಬಾವಿ ಮೂಡಣ ಹೊಲದ ಪಾಲಿಗೆ. ಎರಡನೇ ಸಲವೂ ಅದನ್ನೇ ಹೇಳಿದರು. ನಾನು ಟೈಪ್ ಮಾಡುತ್ತ ಝೆರಾಕ್ಸಿನ ಹಿಂದಿನ ಬದಿ ನೋಡಿದೆ. ಸಿಕ್ಕಾದ, ಅಂದರೆ ಮೊಹರಿನ, ಕೆಳಗೆ ಮಾಸಿದ ಎರಡು ಸಾಲು ಇದ್ದವು.

“ಮುತ್ಯಾ, ಹಿಂದ ಏನೋ ಬರದಾರ ನೋಡ್ರಿ” ಎಂದೆ.

ಅವರು ಹಾಳೆ ತಿರುವಲೇ ಇಲ್ಲ. “ಹಿಂದ ಸಿಕ್ಕಾ ಇರತದ, ಸಾಕ್ಷಿ ಹೆಸರ ಇರತಾವ. ಎಲ್ಲಾ ಕಾಗದದಾಗೂ ಅಷ್ಟ” ಎಂದರು. ಅವರಿಬ್ಬರ ಮುಂದೆ ನಾನು ಬಾಯಿ ಮುಚ್ಚಿಕೊಂಡೆ. ಶಾಂತವ್ವ ಸೆರಗು ಕೊಡವಿ ಎದ್ದು, “ಮುತ್ಯಾ ಓದ್ಯಾರಂದ್ರ ಮುಗೀತ್ರಿ” ಎಂದು ಮುತ್ಯಾನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು. ಕಾಲು ಮುಟ್ಟಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಆ ದಿನ ಸಂಜೆ ಮುತ್ಯಾ ಮನೆಗೆ ಹೋದ ಮೇಲೆ ಆ ಎರಡು ಸಾಲನ್ನು ದೊಡ್ಡದು ಮಾಡಿ ಪ್ರಿಂಟು ತೆಗೆದು ಕುಳಿತು ಕೂಡಿಸಿದೆ. ಬಾವಿಯ ನೀರು ಎಂಟು ದಿನದಲ್ಲಿ, ಅಂದರೆ ವಾರದಲ್ಲಿ, ಮೂರು ದಿನ ತಮ್ಮನ ಹೊಲಕ್ಕೆ ಎಂದು ಬರೆದಂತೆ ಕಂಡಿತು. ಕಂಡಿತು ಎನ್ನುತ್ತೇನೆ, ಯಾಕೆಂದರೆ ನಡುವೆ ಒಂದು ಶಬ್ದ ನನಗೆ ಹತ್ತಲಿಲ್ಲ. ಆ ಒಂದು ಶಬ್ದ ಹತ್ತಲಿಲ್ಲ ಎಂಬುದನ್ನೇ ನೆಪ ಮಾಡಿಕೊಂಡೆ. ನನಗೇನು ದೊಡ್ಡ ಉರ್ದು ಬರುತ್ತದೆ, ಮುತ್ಯಾಗಿಂತ ನಾನು ಹೆಚ್ಚೇ ಎಂದು ಹಾಳೆಯನ್ನು ಫೈಲಿನ ಅಡಿಗೆ ತಳ್ಳಿದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಎಂದದ್ದು ಏಳು ತಿಂಗಳಾಯಿತು.

ಚಳಿಗಾಲದಲ್ಲಿ ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಶಾಂತವ್ವ ಕಂಡಳು. ಹತ್ತಿ ಬಿಡಿಸುವ ಕೂಲಿಗೆ ಬಂದವರ ಗುಂಪಿನಲ್ಲಿ ನಿಂತಿದ್ದಳು. ತಲೆಯ ತುಂಬ ಹತ್ತಿಯ ಎಳೆ, ಬೆರಳ ತುದಿಗಳಲ್ಲಿ ಗೀರು. ಪಕ್ಕದಲ್ಲಿ ದೊಡ್ಡ ಮಗಳು, ಸಾಲೆಯ ಸಮವಸ್ತ್ರದ ಮೇಲಂಗಿಯನ್ನೇ ಹಾಕಿಕೊಂಡು ಕೂಲಿಗೆ ಬಂದಿದ್ದಳು. ನನ್ನನ್ನು ಗುರುತು ಹಿಡಿದು ಶಾಂತವ್ವನೇ ಮಾತಾಡಿಸಿದಳು.

“ಮುತ್ಯಾ ಆರಾಮ ಅದಾರೇನ್ರಿ?”

“ಅದಾರ. ನಿನ್ನ ಹೊಲ?” ಎಂದೆ.

“ನೀರಿಲ್ಲದ ಹೊಲ ಏನ ಮಾಡತದ್ರಿ. ಮೊದಲ ಮೆಣಸಿನಕಾಯಿ ಹಾಕ್ತಿದ್ದೆವು. ಈ ಸಲ ಬರೇ ತೊಗರಿ ಚೆಲ್ಲಿದ್ದೆ. ಬಂದಷ್ಟ ಬಂತು. ಇಕಿ ಸಾಲಿ ಈ ವರ್ಷ ಬಿಡಸೀನ್ರಿ” ಎಂದಳು. ದೂರು ಹೇಳುವ ದನಿಯೇ ಅಲ್ಲ ಅದು. ಅವಳು ನನಗೆ ನಾಲ್ಕು ಬೈದಿದ್ದರೆ ಎಷ್ಟೋ ಪಾಡಿತ್ತು.

ಅಂದು ನಾಲ್ಕಕ್ಕೆ ಮುತ್ಯಾ ಬಂದು ಕುಳಿತ ಕೂಡಲೇ ಫೈಲಿನ ಅಡಿಯಿಂದ ಹಾಳೆ ತೆಗೆದು ಅವರ ಕೈಗೆ ಕೊಟ್ಟೆ. ಎಲ್ಲ ಹೇಳಿದೆ, ಬಸ್ ಸ್ಟ್ಯಾಂಡಿನಲ್ಲಿ ಕಂಡದ್ದೂ ಸೇರಿಸಿ. ಅವರು ಹಾಳೆಯನ್ನು ಮೂಗಿಗೆ ಹಿಡಿದರು. ಝೆರಾಕ್ಸಿಗೆ ಯಾವ ವಾಸನೆ ಇರುತ್ತದೆ. ಕಣ್ಣಿನ ಹತ್ತಿರ, ದೂರ, ಬಾಗಿಲ ಬೆಳಕಿಗೆ ಹಿಡಿದರು.

“ನನಗ ಕಾಣಂಗಿಲ್ಲ, ಸಾವಿತ್ರಿ” ಎಂದರು. ಹಾಗೆ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. “ನೀ ಓದು. ಶಬ್ದ ಕೂಡಸಬ್ಯಾಡ. ಒಂದೊಂದ ಅಕ್ಷರ ಹೇಳಕೋತ ಹೋಗು.”

ನಾನು ಬಲಗಡೆಯಿಂದ ಒಂದೊಂದೇ ಅಕ್ಷರ ಹೇಳುತ್ತ ಹೋದೆ. ಅವರು ಕಣ್ಣು ಮುಚ್ಚಿ, ತುಟಿಯಲ್ಲೇ ಅವನ್ನು ಕೂಡಿಸಿ ಶಬ್ದ ಮಾಡುತ್ತ ಬಂದರು. ನನಗೆ ಹತ್ತದೆ ಉಳಿದಿದ್ದ ಶಬ್ದವನ್ನೂ ಕೂಡಿಸಿದರು. ಅದು ‘ವಂಶಪಾರಂಪರ್ಯವಾಗಿ’ ಎಂಬ ಅರ್ಥದ ಮಾತು. ಎಂಟು ದಿನದಲ್ಲಿ ಮೂರು ದಿನ, ತಲೆತಲಾಂತರಕ್ಕೆ. ಮುಗಿದ ಮೇಲೆ, “ಇನ್ನೊಮ್ಮಿ” ಎಂದರು. ಇನ್ನೊಮ್ಮೆ ಹೇಳಿದೆ. ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

“ಆ ಹೆಣ್ಣಮಗಳು ನನ್ನ ಕಾಲ ಮುಟ್ಟಿ ಹೋದ್ಳು” ಎಂದರು.

ಮರುದಿನವೇ ಇಬ್ಬರಿಗೂ ಹೇಳಿ ಕಳಿಸಿದರು. ಶಾಂತವ್ವ ಬಂದಳು, ಮಲ್ಲಣ್ಣ ಬರಲಿಲ್ಲ. ಎರಡನೇ ಸಲ ಕರೆಸಿದಾಗಲೂ ಅದೇ. ಮುತ್ಯಾ ಚಹಾ ತರಿಸಿ ಎರಡು ಬಸಿಗೆ ಸುರಿದು ಕಾಯುವರು, ಒಂದು ಬಸಿ ಹಾಗೆಯೇ ಆರುವುದು. ಇವಳೊಬ್ಬಳ ಮುಂದೆ ಓದಿಬಿಡಿರಿ ಎಂದರೆ ಕೇಳಲಿಲ್ಲ. ಮೂರನೇ ಸಲಕ್ಕೆ ತಾವೇ ಹೊರಟರು. ಮಗ ಬೇಡ ಅಂದ, ನಾನು ಬೇಡ ಅಂದೆ. ಕೊನೆಗೆ ನಾನೇ ಜೊತೆಗೆ ಹೋದೆ. ಭೀಮಾ ದಾಟಿ ಯಾದಗಿರಿಗೆ ಒಂದು ಬಸ್ಸು, ಅಲ್ಲಿಂದ ಹಳ್ಳಿಗೆ ಇನ್ನೊಂದು.

ಮಲ್ಲಣ್ಣ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದ. ಮರ್ಯಾದೆಗೆ ಕಡಿಮೆ ಮಾಡಲಿಲ್ಲ, ಅಸಲು ಕಾಗದವನ್ನು ಮಾತ್ರ ಹೊರಗೆ ತರಲಿಲ್ಲ. ಶಾಂತವ್ವನೂ ಬಂದಳು, ಹತ್ತಿಪ್ಪತ್ತು ಮಂದಿ ಕೂಡಿದರು. ಮುತ್ಯಾ ನಿಂತುಕೊಂಡೇ ಹೇಳಿದರು. “ಅವತ್ತ ನಾ ಓದಿದ್ದು ತಪ್ಪು. ನನಗ ಕಣ್ಣ ಕಾಣಂಗಿಲ್ಲ. ಹಾಳಿ ತಿರುವಿ ನೋಡಲಿಲ್ಲ. ಹಿಂದ ನೀರಿನ ಪಾಲ ಬರದದ.”

ಮಲ್ಲಣ್ಣ ಕೈ ಜೋಡಿಸಿ, ಎಲ್ಲರಿಗೂ ಕೇಳುವ ಹಾಗೆ ಮಾತಾಡಿದ. “ಮುತ್ಯಾ, ನಿಮಗ ಎಲ್ಲಾರೂ ದೇವರಂಗ ನೋಡತೀವಿ. ಇಷ್ಟ ವರ್ಷ ಓದೀರಿ, ಒಂದರ ತಪ್ಪ ಆಗ್ಯದೇನು? ಈಗ ವಯಸ್ಸಾಗ್ಯದ. ಯಾರೋ ಅತ್ತು ಕರದು ನಿಮ್ಮ ಮನಸ್ಸ ಕರಗಿಸ್ಯಾರ. ಮೊದಲ ಓದಿದ್ದೇ ಖರೇ.” ಮಂದಿ ಗೋಣು ಹಾಕಿದರು. “ಅರಳು ಮರಳ ಆಗ್ಯದ ಪಾಪ” ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಅಂದದ್ದು ನಮಗೂ ಕೇಳಿಸಿತು. ಆಗ ಮಲ್ಲಣ್ಣ ನನ್ನ ಕಡೆ ತಿರುಗಿದ. “ಅಕ್ಕಾರ, ಅವತ್ತ ನೀವೂ ಇದ್ರಿ. ಹಿಂದ ಏನರ ಬರದಿತ್ತೇನ್ರಿ? ನೀವ ಹೇಳ್ರಿ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇತ್ತು ಎಂದರೆ, ಮತ್ತೆ ಏಳು ತಿಂಗಳು ಎಲ್ಲಿದ್ದೆ ಎಂದು ಕೇಳುತ್ತಾರೆ. ಶಾಂತವ್ವನ ಮಗಳು ಅವಳ ಪಕ್ಕದಲ್ಲೇ ನಿಂತಿದ್ದಳು. ನನ್ನ ನಾಲಿಗೆಗೆ ಏನು ಬಡಿದಿತ್ತೋ, “ನನಗ ಉರ್ದು ಅಷ್ಟ ಬರಂಗಿಲ್ರಿ” ಎಂದೆ.

ಮುತ್ಯಾ ನನ್ನ ದನಿ ಬಂದ ಕಡೆಗೆ ಒಮ್ಮೆ ಮುಖ ತಿರುಗಿಸಿದರು. ವಾಪಸು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತರು. ಕಣ್ಣು ಕಾಣದವರು ಕಿಟಕಿಯಲ್ಲಿ ಏನು ನೋಡಬೇಕು. ಶಹಾಪುರ ಬರುವ ತನಕ ನಾನು ಸೆರಗಿನ ತುದಿ ಹೊಸೆಯುತ್ತ ಕುಳಿತೆ.

ಅಂದಿನಿಂದ ಮುತ್ಯಾ ಅಂಗಡಿಗೆ ಬರಲಿಲ್ಲ. ಜ್ವರ ಎಂದರು, ಆಮೇಲೆ ದಮ್ಮು ಎಂದರು. ಹದಿನೈದು ದಿನ ನನಗೆ ಅವರ ಮನೆಗೆ ಹೋಗುವ ಧೈರ್ಯವಾಗಲಿಲ್ಲ. ಹೋದಾಗ ನಡುಮನೆಯ ಹೊರಸಿನ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಟೊಪ್ಪಿಗೆ ಇಲ್ಲದ ತಲೆ ಕೂಸಿನ ತಲೆಯಷ್ಟು ಸಣ್ಣದಾಗಿತ್ತು. ನನ್ನ ಹೆಜ್ಜೆಗೇ ಗುರುತು ಹಿಡಿದು, “ಬಾರವ್ವಾ. ಮೈಗೆಲ್ಲಾ ಮಶೀನಿನ ಮಸಿ ವಾಸನಿ ಹತ್ಯದ ನೋಡು ನಿನಗ” ಎಂದರು.

“ಮುತ್ಯಾ, ಅವತ್ತ ನಾ ಬಾಯಿ ಬಿಡಬೇಕಿತ್ತು” ಎಂದು ಹೊರಸಿನ ಕಾಲು ಹಿಡಿದು ಅತ್ತುಬಿಟ್ಟೆ.

“ಬಿಡಬೇಕಿತ್ತು” ಎಂದರು. ಇಲ್ಲ ಎನ್ನಲಿಲ್ಲ, ಹೋಗಲಿ ಬಿಡು ಎಂದೂ ಎನ್ನಲಿಲ್ಲ. “ನಾನೂ ಕಣ್ಣ ಅದಾವಂತ ಮಂದಿಗಿ ಸುಳ್ಳ ಹೇಳಕೋತ ಕುಂತೆ. ನೀ ಕೇಳಲಿಲ್ಲ, ನಾ ಹೇಳಲಿಲ್ಲ. ಇಬ್ಬರದೂ ಕೂಡೇ ಆದ ತಪ್ಪು” ಎಂದರು. ಆಮೇಲೆ ನನ್ನ ಕೈ ತಡವಿ ಹಿಡಿದುಕೊಂಡರು. “ಕಾಗದ ಜ್ವಾಕಿ ಇಡು. ಇಬ್ಬರೂ ಕುಂತಾಗ ಓದು, ಒಬ್ಬರ ಮುಂದ ಓದಬ್ಯಾಡ. ಓದೂ ಮುಂದ ನನ್ನ ಹೆಸರ ಉಳಸಾಕ ಹೋಗಬ್ಯಾಡ. ಅದನ್ನ ತೊಗೊಂಡ ನಾ ಏನ ಮಾಡ್ಲಿ.”

ಅದಾದ ಆರನೇ ದಿನ ಹೋದರು.

ಹನ್ನೊಂದನೇ ದಿನದ ಕಾರ್ಯಕ್ಕೆ ಮೂರು ತಾಲೂಕಿನ ಮಂದಿ ಬಂದಿದ್ದರು. ಅಂಗಳದಲ್ಲಿ ಶಾಮಿಯಾನ, ಮುತ್ಯಾನ ಫೋಟೋಕ್ಕೆ ಮಾಲೆ, ಎದುರಿಗೆ ಒಂದು ಹಿಡಿ ಊದಿನಕಡ್ಡಿ ಹೊಗೆಯಾಡುತ್ತಿತ್ತು. ಇದ್ದಿದ್ದರೆ ಎದ್ದು ಬಂದು ನಂದಿಸುತ್ತಿದ್ದರು. ಒಬ್ಬೊಬ್ಬರೇ ಎದ್ದು ಮಾತಾಡಿದರು. ಎಲ್ಲರದೂ ಒಂದೇ ಮಾತು: ಜೀವಮಾನದಲ್ಲಿ ಒಂದಕ್ಷರ ತಪ್ಪು ಓದಿದವರಲ್ಲ. ಮಲ್ಲಣ್ಣನೂ ಬಂದಿದ್ದ. ಅವನೂ ಎದ್ದು ಅದನ್ನೇ ಹೇಳಿ ಕಣ್ಣೊರೆಸಿಕೊಂಡ. ಕಳ್ಳ ಅಳು ಎಂದು ನನಗೆ ಅನ್ನಿಸಲಿಲ್ಲ. ಅವನಿಗೆ ಖರೇನೇ ದುಃಖವಾಗಿತ್ತು. ಹೆಂಗಸರ ಕಡೆ ಕೊನೆಯ ಸಾಲಿನಲ್ಲಿ ಶಾಂತವ್ವ ಕುಳಿತಿದ್ದಳು.

ಇಬ್ಬರೂ ಕುಂತಿದ್ದಾರೆ ಎಂದು ಆಗ ಹೊಳೆಯಿತು. ಕಾಗದದ ಝೆರಾಕ್ಸ್ ನನ್ನ ಬ್ಯಾಗಿನಲ್ಲೇ ಇತ್ತು, ಮುತ್ಯಾ ಹೇಳಿದ ದಿನದಿಂದ ಅಲ್ಲೇ ಇತ್ತು. ಅಡಿಗೆಯ ಕಡೆ ಹೋಗಿ ಒಂದು ಚಹಾ, ಎರಡು ಬಸಿ ತಂದೆ. ಶಾಂತವ್ವನನ್ನು ಕೈ ಹಿಡಿದು ಕರೆತಂದು ಮಲ್ಲಣ್ಣನ ಎದುರಿಗೆ ಕೂರಿಸಿ, ಎರಡು ಬಸಿಗೆ ಚಹಾ ಸುರಿದೆ. ಬಸವರಾಜ ಹತ್ತಿರ ಬಂದು, “ಅಕ್ಕಾ, ಇವತ್ತ ಬ್ಯಾಡ. ಅಪ್ಪನ ಹೆಸರ ಹೋಗತದ” ಎಂದು ಕಿವಿಯಲ್ಲಿ ಬೇಡಿಕೊಂಡ. ಅವನ ಮುಖ ನೋಡಿದರೆ ಹೇಳಲಾಗುವುದಿಲ್ಲ ಎಂದು ನಾನು ಅವನನ್ನು ನೋಡಲಿಲ್ಲ.

“ಮುತ್ಯಾಗ ಅರಳು ಮರಳ ಆಗಿರಲಿಲ್ರಿ” ಎಂದೆ. “ಅವರು ನಿಮ್ಮೂರಿಗಿ ಬಂದು ಹೇಳಿದ್ದು ಖರೇ. ಮೊದಲ ಓದಿದ್ದೇ ತಪ್ಪು. ಕಾಗದದ ಹಿಂದ ಎರಡ ಸಾಲ ಅದಾವ. ಅವತ್ತ ಸಂಜೀಕಿನೇ ನಾ ಓದೀನಿ. ಓದಿ ಏಳು ತಿಂಗಳು ಮುಚ್ಚಿಟ್ಟೀನಿ. ನಿಮ್ಮೂರಾಗ ಉರ್ದು ಬರಂಗಿಲ್ಲ ಅಂತ ಸುಳ್ಳ ಹೇಳೀನಿ. ಶಾಂತವ್ವಾ, ನಿನ್ನ ಮಗಳ ಸಾಲಿ ಬಿಡಿಸಿದಾಕಿ ನಾನು.”

ಆಮೇಲೆ ಆ ಎರಡು ಸಾಲನ್ನು ಉರ್ದುವಿನಲ್ಲಿ ಓದಿದೆ, ಕನ್ನಡದಲ್ಲಿ ಹೇಳಿದೆ. ಬಾವಿಯ ನೀರು ಎಂಟು ದಿನದಲ್ಲಿ ಮೂರು ದಿನ ತಮ್ಮನ ಹೊಲಕ್ಕೆ, ತಲೆತಲಾಂತರಕ್ಕೆ. ಅಸಲು ನಿಮ್ಮ ಮನೆಯಲ್ಲೇ ಇದೆ, ತಿರುವಿ ನೋಡಿರಿ ಎಂದು ಮಲ್ಲಣ್ಣನಿಗೆ ಹೇಳಿದೆ. ಶಾಂತವ್ವ ನೆಲ ನೋಡುತ್ತಿದ್ದಳು. ನನ್ನ ಕಡೆ ಕಣ್ಣೆತ್ತಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ.

ಮಲ್ಲಣ್ಣ ಫೋಟೋದ ಕಡೆ ನೋಡುತ್ತ ಕುಳಿತ. ಬಸಿ ಮುಂದೆಯೇ ಇತ್ತು. ಎದ್ದು ಹೋಗುತ್ತಾನೆ ಎಂದುಕೊಂಡೆ. “ಮುತ್ಯಾ ಎರಡ ಸಲ ಓದತಿದ್ರು” ಎಂದ. ನಾನು ಎರಡನೇ ಸಲ ಓದಿದೆ. ಮುಗಿಯುವಷ್ಟರಲ್ಲಿ ಅವನು ಬಸಿ ಎತ್ತಿ ಆರಿದ ಚಹಾ ಕುಡಿದು ಕೆಳಗಿಟ್ಟಿದ್ದ. “ಸೋಮಾರ, ಮಂಗಳಾರ, ಬುಧವಾರ ಬಿಟ್ಕೋವಾ” ಎಂದು ಶಾಂತವ್ವನಿಗೆ ಹೇಳಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಊಟ ಮಾಡದೆ ಹೋದ.

ಶಾಂತವ್ವನ ಹೊಲಕ್ಕೆ ನೀರು ಬಂತು. ಮುತ್ಯಾನ ಹೆಸರಿಗೆ ಆಗಬೇಕಾದದ್ದೂ ಆಯಿತು. ಸುದ್ದಿ ಸುರಪುರ ಮುಟ್ಟಲು ವಾರ ಹಿಡಿಯಲಿಲ್ಲ. ಕುರುಡ ಮುದುಕ ಓದಿದ್ದಂತೆ, ಇನ್ನೆಷ್ಟು ಮಂದಿಯ ಹೊಲ ಹೋಗಿವೆಯೋ ಎಂದು ಕಚೇರಿಯ ಸಾಲಿನಲ್ಲೇ ಮಾತಾಡತೊಡಗಿದರು. ಅವರ ಮೂಗಿನ ಕತೆ ಹೇಳಿ ನಗುತ್ತಿದ್ದವರೇ ಇವರು. ಬಸವರಾಜ ಈಗ ನನ್ನ ಅಂಗಡಿಯ ಮುಂದೆ ಹಾಯುವುದಿಲ್ಲ, ಎದುರಿನ ದಂಡೆ ಹಿಡಿದು ಹೋಗುತ್ತಾನೆ. ನನಗೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ. ಇನ್ನೆಷ್ಟು ಎಂಬುದು ಬೇರೆಯವರಿಗಿಂತ ಹೆಚ್ಚು ನನ್ನನ್ನೇ ತಿನ್ನುವ ಪ್ರಶ್ನೆ. ಅವರ ಕಣ್ಣು ಮಂಜಾದ ಕೊನೆಯ ಎರಡು ವರ್ಷ ಬೆಂಚಿನ ಬದಿಗೆ ಕುಳಿತು ಟೈಪ್ ಮಾಡಿದವಳು ನಾನೇ.

ಹೋದ ತಿಂಗಳು ಸಗರದಿಂದ ಇಬ್ಬರು ಬಂದರು, ಅಣ್ಣ ತಮ್ಮ. ಮುತ್ಯಾ ಕೊನೆಕೊನೆಗೆ ಓದಿದ ಕಾಗದವಂತೆ. “ಮತ್ತೊಮ್ಮಿ ನೋಡ್ರಿ ಅಕ್ಕಾರ, ಮನಸ್ಸಿಗಿ ಸಮಾಧಾನ ಇಲ್ಲ” ಎಂದರು. ಚಹಾ ತರಿಸಿ ಎರಡು ಬಸಿಗೆ ಸುರಿದೆ. ಇಬ್ಬರೂ ಕುಡಿದು ಬಸಿ ಇಟ್ಟರು. ಬೆಂಚಿನ ಎಡತುದಿಯಲ್ಲಿ ನಾನು ಇನ್ನೂ ಕೂರುವುದಿಲ್ಲ, ಪಕ್ಕಕ್ಕೆ ಸ್ಟೂಲು ಎಳೆದುಕೊಂಡೆ. ಕಾಗದ ಬಿಚ್ಚಿದೆ. ಮುತ್ಯಾ ಮೊದಲು ಮೂಸುತ್ತಿದ್ದರು. ನನಗೆ ಆ ಮೂಗಿಲ್ಲ, ನಾನು ಮೊದಲು ತಿರುವಿ ನೋಡುತ್ತೇನೆ. ತಿರುವಿದೆ. ಸಿಕ್ಕಾ ಒಂದು, ಸಾಕ್ಷಿಗಳ ಹೆಸರು ಮೂರು, ಉಳಿದದ್ದು ಖಾಲಿ. ಮುಂದಿನ ಬದಿಯನ್ನು ತಡವರಿಸಿಕೊಂಡು ಎರಡು ಸಲ ಓದಿ, ಮುತ್ಯಾ ಅಂದು ಬರೆಸಿದ್ದರ ಜೊತೆಗೆ ಹಿಡಿದು ನೋಡಿದೆ.

“ಏನ ಅದ್ರಿ ಅಕ್ಕಾರ?” ಎಂದು ಅಣ್ಣ ಕೇಳಿದ.

“ಮುತ್ಯಾ ಬರೋಬ್ಬರಿ ಓದ್ಯಾರ” ಎಂದೆ. ಅಷ್ಟು ಹೇಳಿ ಮುಗಿಸುವುದರೊಳಗೆ ಅಳು ಬಂದು, ಅವರ ಮುಂದೆಯೇ ಬೆಂಚು ಹಿಡಿದು ಕುಳಿತುಬಿಟ್ಟೆ.